ಓಟದ ದಿನಕ್ಕಾದರೂ ಕಳಿಸಿಕೊಡಿ

ಕಾಜುಬಾಗ, ಕಾರವಾರ
೨೦ ನವೆಂಬರ್ ೨೦೦೬

ಅತ್ತೆಗೆ ಯೋಗಿತಾ ಮಾಡುವ ನಮಸ್ಕಾರ. ಕಾಗದವನ್ನು ಮಾವ ಓದಿ ಹೇಳುತ್ತಾರೆಂದು ಗೊತ್ತು, ಹಾಗಾಗಿ ಮಾವನಿಗೂ ಇದರಲ್ಲೇ ನಮಸ್ಕಾರ.

ನಾವಿಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು. ಬಾಬು ಆರಾಮಿದ್ದಾನೆ, ಈಗಲೇ ಮಗ್ಗುಲಾಗಲು ನೋಡುತ್ತಾನೆ. ನಿಮ್ಮ ಮಗ ಆರಾಮಿದ್ದಾರೆ. ನನ್ನ ಮಾತು ಬಿಡಿ.

ನನ್ನ ಮಗಳು ಪ್ರೇಕ್ಷಾ ನಿಮ್ಮ ಜೊತೆ ಹಟ್ಟಿಕೇರಿಗೆ ಹೋಗಿ ವಾರವಾಯಿತು. ಪಕ್ಕದ ಬೊಮ್ಮಯ್ಯನವರ ಮನೆಗೆ ಫೋನು ಮಾಡಬೇಡ, ನಿನ್ನ ದನಿ ಕೇಳಿದರೆ ಮಗು ಮತ್ತೆ ದಿನವಿಡೀ ಅಳುತ್ತದೆ ಅಂದಿರಿ. ಮಾಡಿಲ್ಲ. ಸದ್ಯಕ್ಕೆ ನೋಡಲು ಬರಬೇಡ ಅಂದಿರಿ. ಬಂದಿಲ್ಲ. ಕಾಗದ ಬರೆಯಬೇಡ ಎಂದು ಮಾತ್ರ ನೀವು ಹೇಳಿರಲಿಲ್ಲ.

ದೇವಬಾಗದ ಆ ರವಿವಾರದ ಬಗ್ಗೆ ನಾವ್ಯಾರೂ ಮಾತಾಡಲೇ ಇಲ್ಲ. ಎಲ್ಲರೂ ಸೇರಿ ದೋಣಿಯಲ್ಲಿ ಹೋಗಿದ್ದೆವು, ಅವಲಕ್ಕಿ ಕಟ್ಟಿಕೊಂಡು. ನೀವೂ ಮಾವನೂ ಮರಳಿನ ಮೇಲೆ ಒಂದು ಸುತ್ತು ಹೋಗಿದ್ದಿರಿ, ಇವರು ಚಹಾ ತರಲು ಹೋಗಿದ್ದರು. ಗಾಳಿಮರದ ನೆರಳಿನಲ್ಲಿ ಬಾಬುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳಿಗೆ ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ಎಚ್ಚರಾದಾಗ ಪ್ರೇಕ್ಷಾ ಇರಲಿಲ್ಲ. ನಾನು ಬಾಬುವನ್ನು ಎತ್ತಿಕೊಂಡು ನೀರಿನ ಅಂಚಿಗೆ ಓಡಿದ್ದು, ಕೂಗಿದ್ದು, ಅದನ್ನೆಲ್ಲ ನೀವು ದೂರದಿಂದ ನೋಡಿದ್ದೀರಿ. ಅವಳು ದಂಡೆಯಿಂದ ರಂಪಣಿ ಬಲೆ ಎಳೆಯುವವರ ಸಾಲಿನ ಕೊನೆಯಲ್ಲಿದ್ದಳು. ದೊಡ್ಡವರ ಹಾಗೆ ಹಿಂದಕ್ಕೆ ಬಾಗಿ ಹಗ್ಗ ಎಳೆಯುತ್ತಿದ್ದಳು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಉಂಟಲ್ಲ, ಅವಳಿಗೂ ಎರಡು ಬಂಗಡೆ ಕೊಟ್ಟರು. ಬಾಲ ಹಿಡಿದುಕೊಂಡು, ನನಗೆ ತೋರಿಸಲೆಂದೇ ಓಡಿ ಬಂದಳು.

ನಾನು ಹೊಡೆದೆ.

ಆ ಬಂಗಡೆಯನ್ನು ಸಂಜೆ ನೀವು ಹುರಿದಿರಿ. ಅವಳು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ, "ಸ್ವಲ್ಪ ದಿನ ನಮ್ಮಲ್ಲಿರಲಿ, ನೀ ಸುಧಾರಿಸ್ಕೋ" ಎಂದು ಕರೆದುಕೊಂಡು ಹೋದಿರಿ. ಸುಧಾರಿಸಿಕೊಳ್ಳುವುದು ಎಂದರೆ ಏನು ಮಾಡಬೇಕು ಎಂದು ನಾನು ಕೇಳಲಿಲ್ಲ. ಡಾಕ್ಟರು ನಿದ್ದೆ ಮಾಡು ಎನ್ನುತ್ತಾರೆ, ಅಂಗಡಿಯಿಂದ ತಂದುಕೊ ಎಂಬ ಹಾಗೆ. ಬಾಬು ಮಲಗಿದರೂ ಅವನ ಉಸಿರನ್ನು ನಾನು ಕೇಳುತ್ತಿರಬೇಕು. ಕೇಳುವುದು ಬಿಟ್ಟರೆ ನಿಂತುಬಿಡುತ್ತದೆ ಅನಿಸುತ್ತದೆ.

ತಿಂಗಳ ಕೊನೆಗೆ ಇವರನ್ನು ಕಳಿಸುತ್ತೇನೆ. ಅವಳ ಅಂಗಿಗಳನ್ನು ತುಂಬಿಡಿ.

ಇಂತಿ ನಿಮ್ಮ ಸೊಸೆ,
ಯೋಗಿತಾ


ಹಟ್ಟಿಕೇರಿ
೨೮ ನವೆಂಬರ್ ೨೦೦೬

ಚಿ. ಸೌ. ಯೋಗಿತಾಳಿಗೆ ಪುಂಡಲೀಕನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಹೇಳಿದೆ. ನಿನ್ನ ಅತ್ತೆ ಎರಡು ಸಲ ಓದಿಸಿದಳು. ಈಗ ಪಕ್ಕದಲ್ಲಿ ಕಾಯಿ ತುರಿಯುತ್ತ ಕೂತು ಹೇಳುತ್ತಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ಮತ್ತೆ ಓದಿ ಹೇಳು ಎನ್ನುತ್ತಾಳೆ.

"ಮಗು ಆರಾಮದಲ್ಲಿ ಅದೆ ಅಂದೇಳಿ ಬರೀರಿ. ಕಾರವಾರದಲ್ಲಿ ತಟ್ಟೆ ಹಿಡ್ಕಂಡಿ ಅದರ ಹಿಂದೆ ಓಡಬೇಕಾಗಿತ್ತು, ಇಲ್ಲಿ ಅದೇ ಕೇಳಿ ಹಾಕಸ್ಕಂತದೆ. ಬೆಳಿಗ್ಗೆ ಚಳಿ ಬಿದ್ದದೆ. ಚೂರು ಕೆಮ್ಮು ಅದೆ. ಕೆಮ್ಮಿನ ಮಗೀಗೆ ಬಸ್ಸಿನ ಗಾಳಿ ಬ್ಯಾಡ. ಉದಯ ಬಂದ್ರೆ ಉಂಡ್ಕಂಡಿ ಹೋಗ್ಲಿ, ಮಗಿನ್ನ ಕಳಸೂದಿಲ್ಲ. ನಾ ಏನ್ ಮಗಿನ್ನ ಕಿತ್ಕಂಡಿ ಬಂದವಳಲ್ಲ. ನಿದ್ದೆಗೆಟ್ಟ ಕೈ ಎಲ್ಲಿ ಬೀಳ್ತದೆ ಅಂತ ಆ ಕೈಗೇ ಗೊತ್ತಾಗೂದಿಲ್ಲ ತಂಗೀ."

ಈ ಕೊನೆಯ ಮಾತನ್ನು ಬಿಟ್ಟುಬಿಡಲೇ ಎಂದು ಕೇಳಿದೆ. "ಎಂತಕೆ ಬಿಡ್ತ್ರಿ, ಇರ್ಲಿ" ಎಂದಳು. ಹಾಗೇ ಇಟ್ಟಿದ್ದೇನೆ.

ಈಗ ಕಾಯಿ ತೆಗೆದುಕೊಂಡು ಒಳಗೆ ಹೋದಳು. ಕೆಮ್ಮು ನನಗಂತೂ ಕೇಳಿಸಿಲ್ಲ. ಆದರೆ ನನಗೆ ಕಿವಿ ಮಂದ ಎಂಬುದು ನಿನಗೆ ಗೊತ್ತೇ ಇದೆ.

ಇತಿ ಆಶೀರ್ವಾದಗಳೊಂದಿಗೆ,
ಪುಂಡಲೀಕ


ಕಾಜುಬಾಗ, ಕಾರವಾರ
೧೨ ಡಿಸೆಂಬರ್ ೨೦೦೬

ಅತ್ತೆಗೆ, ಮಾವನಿಗೆ ನಮಸ್ಕಾರ.

ಇವರು ನಿಮ್ಮಲ್ಲಿ ಉಂಡು, ಒಬ್ಬರೇ ತಿರುಗಿ ಬಂದರು. ಅವಳು ಬಾತುಕೋಳಿಗಳ ಹಿಂದೆ ಓಡುತ್ತಿದ್ದಳಂತೆ, ಅಪ್ಪನನ್ನು ನೋಡಿ ಕೈ ಮಾಡಿ ಮತ್ತೆ ಓಡಿದಳಂತೆ. ಅಷ್ಟನ್ನು ಹೇಳಿ ಇವರು ಪೇಪರು ತೆಗೆದುಕೊಂಡು ಕೂತರು.

ಒಂದು ವಿಷಯ. ಜನವರಿ ೨೧ರ ರವಿವಾರ ಇಲ್ಲಿಯ ತರುಣರ ಸಂಘವೊಂದು ಸಮುದ್ರದ ದಂಡೆಯ ರಸ್ತೆಯಲ್ಲಿ ಕುಟುಂಬ ಓಟ ಇಟ್ಟುಕೊಂಡಿದೆ. ಒಂದು ಮಗು, ಜೊತೆಗೆ ಮನೆಯ ಒಬ್ಬರು ದೊಡ್ಡವರು. ಇಬ್ಬರ ಮಣಿಕಟ್ಟನ್ನೂ ಒಂದು ಬಟ್ಟೆಯ ಪಟ್ಟಿಯಿಂದ ಸೇರಿಸಿ ಕಟ್ಟುತ್ತಾರೆ, ಮುಗಿಯುವವರೆಗೆ ಬಿಚ್ಚುವಂತಿಲ್ಲ. ನಾನು ಪ್ರೇಕ್ಷಾಳ ಹೆಸರೂ ನನ್ನ ಹೆಸರೂ ಕೊಟ್ಟು ಬಂದಿದ್ದೇನೆ. ನಿಮ್ಮನ್ನು ಕೇಳದೆ ಕೊಟ್ಟೆ.

ನಾನು ಕಾಲೇಜಿನಲ್ಲಿ ಓಡುತ್ತಿದ್ದವಳು. ಮದುವೆಯ ಮಾತುಕತೆಯಲ್ಲಿ ಅಪ್ಪ ಅದನ್ನು ನಿಮಗೆ ಹೇಳಿರಲಿಕ್ಕಿಲ್ಲ, ಹೇಳುವಂಥದ್ದು ಅನಿಸಿರಲಿಕ್ಕಿಲ್ಲ. ಈಗ ಬೆಳಿಗ್ಗೆ ಬೆಳಕು ಹರಿದ ಮೇಲೆ ಬಾಬುವನ್ನು ಇವರ ಪಕ್ಕ ಮಲಗಿಸಿ ದಂಡೆಗೆ ಹೋಗುತ್ತೇನೆ. ದಣಿದರೆ ನಿದ್ದೆ ಬರುತ್ತದೆ ಎಂದು ಶುರುಮಾಡಿದ್ದು. ದಣಿವು ಬರುತ್ತದೆ. ರವಿವಾರ ಸಂಸಾರ ಸಮೇತ ಜನ ಬಂದಿರುತ್ತಾರೆ. ಮಕ್ಕಳಿಗೆ ಟೋಪಿ, ಸ್ವೆಟರು, ಮಂಜು ಹರಿಯುವ ಮೊದಲೇ ಕೈಯಲ್ಲಿ ಬನ್ಸು. ನಾನು ಅವರ ನಡುವಿನಿಂದ ಓಡಿಹೋಗುತ್ತೇನೆ. ಯಾವುದಾದರೂ ಹುಡುಗಿಯ ಲೇಸು ಬಿಚ್ಚಿಕೊಂಡದ್ದು ಕಂಡರೆ ಅವಳಮ್ಮನಿಗೆ ಹೇಳಿ ಮುಂದೆ ಹೋಗುತ್ತೇನೆ. ಮೊನ್ನೆ ಒಬ್ಬಾಕೆ, "ನಿಮಗ್ಯಾಕೆ ಈ ಉಸಾಬರಿ" ಅಂದರು.

ಮನೆಗೆ ಬಂದು ಬಾಬುವಿಗೆ ಕೊಡುವ ಮೊದಲು ಒಂದಿಷ್ಟು ಹಾಲು ಹಿಂಡಿ ಚೆಲ್ಲುತ್ತೇನೆ. ಬಾಣಂತನದಲ್ಲಿ ನನಗೆ ನೀರು ಹಾಕಲು ಬರುತ್ತಿದ್ದ ಕಾಮಿ ಹೇಳಿದ್ದಳು, ಓಡಿಯಾಡಿ ಬಂದವಳ ಹಾಲು ಕಾದಿರುತ್ತದೆ ಎಂದು. ನಾನು ಬಿ.ಎಸ್ಸಿ. ಓದಿದವಳು, ಹಾಗೇನೂ ಇಲ್ಲವೆಂದು ಗೊತ್ತು. ಚೆಲ್ಲುತ್ತೇನೆ.

ಪ್ರೇಕ್ಷಾ ಹುಟ್ಟಿದಾಗಲೂ ಬಾಬು ಹುಟ್ಟಿದಾಗಲೂ ನನ್ನ ಬಾಣಂತನ ಈ ಬಾಡಿಗೆ ಮನೆಯಲ್ಲೇ ಆಯಿತು, ಸಂಬಳದ ಹೆಂಗಸಿನ ಕೈಯಲ್ಲಿ. ತವರಿನಲ್ಲಿ ಅಮ್ಮ ಇಲ್ಲದವಳಿಗೆ ಅದಕ್ಕಿಂತ ಬೇರೆ ದಾರಿ ಇರಲಿಲ್ಲ, ಯಾರ ಮೇಲೂ ನನಗೆ ಸಿಟ್ಟಿಲ್ಲ. ಈಗ ಕೇಳುತ್ತಿರುವುದು ಅದನ್ನಲ್ಲ. ಓಟದ ದಿನಕ್ಕಾದರೂ ಕಳಿಸಿಕೊಡಿ.

ಇಂತಿ,
ಯೋಗಿತಾ


ಹಟ್ಟಿಕೇರಿ
೨೨ ಡಿಸೆಂಬರ್ ೨೦೦೬

ಚಿ. ಸೌ. ಯೋಗಿತಾಳಿಗೆ ಆಶೀರ್ವಾದ.

ಓಟದ ಸುದ್ದಿ ಓದಿ ಹೇಳುವಾಗ ಒಲೆಯ ಮೇಲಿನ ಸಾರು ಉಕ್ಕಿತು. ಅದರ ಸಿಟ್ಟೂ ಸೇರಿಕೊಂಡಿದೆ ಎಂದು ತಿಳಿದು ಮುಂದಿನದನ್ನು ಓದು.

"ಮೈ ಇನ್ನೂ ಹಸಿ ಅದೆ, ಅದರಲ್ಲಿ ಇವಳಿಗೆ ಓಟವಂತೆ. ಓಡಿ ಎಲ್ಲಿಗೆ ಹೋತ್ಯೆ? ಸಮುದ್ರದ ಗಾಳಿ ಕಿವಿಗೆ ಹೊಕ್ಕಂಡ್ರೆ ಮುದುಕಿ ಆದಮೇಲೆ ಗೊತ್ತಾತದೆ. ಹೊಟ್ಟೆಗೆ ಬಟ್ಟೆ ಆದ್ರೂ ಕಟ್ಕಂತ್ಯೋ ಇಲ್ವೋ? ಆ ಉದಯಂಗೆ ಬುದ್ಧಿ ಇಲ್ಲ, ಬೆಳಿಗ್ಗೆ ಹೆಂಡ್ತಿ ಎದ್ದು ಓಡ್ತದೆ, ಇವ ಮಗಿನ್ನ ಹಿಡ್ಕಂಡಿ ಮಲಗಿರ್ತ."

ಎದ್ದು ಒಲೆಯ ಬುಡ ಒರೆಸಿ ಬಂದಳು. ಬರೆಯುವುದು ಮುಗಿಯಿತೇ ಎಂದೆ.

"ಹಾಲು ಚೆಲ್ಲೂದು ಬ್ಯಾಡ ಅಂತ ಬರೀರಿ. ಇದ್ದದ್ದೇ ಅಷ್ಟು. ಕೂತ್ಕಂಡಿ ಒಂದು ಲೋಟ ನೀರು ಕುಡ್ದು ಕೊಡ್ಲಿ, ಏನಾಗೂದಿಲ್ಲ."

ಓಟಕ್ಕೆ ಕಳಿಸುವ ಬಗ್ಗೆ ಎರಡು ದಿನ ಮನೆಯಲ್ಲಿ ಮಾತು ನಡೆಯಿತು. ಕಡೆಗೆ ಅವಳ ತೀರ್ಮಾನ ಹೀಗೆ: ನಾವಿಬ್ಬರೂ ಆ ದಿನ ಮೊದಲ ಬಸ್ಸಿಗೆ ಮಗುವನ್ನು ಕರೆತರುವುದು, ಊಟ ಮುಗಿಸಿ ಕರೆದುಕೊಂಡೇ ಹಿಂತಿರುಗುವುದು. ಇಲ್ಲಿ ಅಂಗನವಾಡಿಗೆ ಹೋಗಲು ಶುರುಮಾಡಿದೆ, ನಡುವೆ ತಪ್ಪಿಸಬಾರದು ಎನ್ನುತ್ತಾಳೆ. ಅಂಗನವಾಡಿಯ ಮಾತು ನಿನಗೆ ಮೊದಲೇ ತಿಳಿಸಬೇಕಿತ್ತು.

ಇತಿ,
ಪುಂಡಲೀಕ


ಕಾಜುಬಾಗ, ಕಾರವಾರ
೫ ಜನವರಿ ೨೦೦೭

ಮಾವನಿಗೆ ನಮಸ್ಕಾರ. ಇದು ನಿಮಗೊಬ್ಬರಿಗೆ.

ಒಂದು ದಿನಕ್ಕೆ ಎಂದಿದ್ದೀರಿ, ಆಗಲಿ. ಅಂಗನವಾಡಿಯ ವಿಷಯವನ್ನು ಇವರನ್ನು ಕೇಳಿದೆ. ಗೊತ್ತಿತ್ತಂತೆ. ನೀನು ಬೇಜಾರು ಮಾಡಿಕೊಳ್ಳುತ್ತೀ ಎಂದು ಹೇಳಲಿಲ್ಲವಂತೆ. ಈ ಮನೆಯಲ್ಲಿ ನನಗೆ ಬೇಜಾರಾಗದ ಹಾಗೆ ಎಲ್ಲವೂ ನಡೆಯುತ್ತಿದೆ.

ಅವಳಿಗೆ ಬಿಳಿಯ ಕ್ಯಾನ್ವಾಸ್ ಶೂ ತಂದಿದ್ದೇನೆ. ಎರಡು ಜೊತೆ, ಒಂದು ಹಿಡಿಯದಿದ್ದರೆ ಇರಲಿ ಎಂದು. ಓಟದ ರಸ್ತೆಯನ್ನು ಎಷ್ಟೋ ಸಲ ನಡೆದು ನೋಡಿದ್ದೇನೆ. ತಿರುವಿನ ಹತ್ತಿರ ನಾಯಿಗಳಿರುತ್ತವೆ. ಮೀನಿನ ಟೆಂಪೋಗಳು ಬರುತ್ತವೆ, ಆ ದಿನ ಬರುವುದಿಲ್ಲ ಎಂದು ಸಂಘದವರು ಹೇಳುತ್ತಾರೆ. ಹೇಳುವವರಿಗೇನು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಆರಿಸಿರುತ್ತೇನೆ. ಮತ್ತೆ ಹೋಗುತ್ತೇನೆ.

ಒಂದು ಕೇಳುತ್ತೇನೆ. ಅತ್ತೆ ಹೇಳಿದ್ದನ್ನು ಬರೆಯಬೇಡಿ, ನೀವು ಕಂಡದ್ದನ್ನು ಬರೆಯಿರಿ. ಪ್ರೇಕ್ಷಾ ನನ್ನನ್ನು ಕೇಳುತ್ತಾಳೆಯೇ?

ಯೋಗಿತಾ


ಹಟ್ಟಿಕೇರಿ
೧೧ ಜನವರಿ ೨೦೦೭

ಚಿ. ಸೌ. ಯೋಗಿತಾಳಿಗೆ,

ಕಂಡದ್ದನ್ನೇ ಬರೆಯುತ್ತೇನೆ. ಕೇಳುವುದಿಲ್ಲ. ಒಮ್ಮೆಯೂ ಕೇಳಿಲ್ಲ.

ಆದರೆ ಸಂಜೆ ಕಾರವಾರದ ಕಡೆಯಿಂದ ಬಸ್ಸು ಬಂದು ಕ್ರಾಸಿನಲ್ಲಿ ಬ್ರೇಕು ಹಾಕುವ ಸದ್ದು ನಮ್ಮ ಜಗಲಿಗೆ ಕೇಳಿಸುತ್ತದೆ. ನನಗೇ ಕೇಳಿಸುವಷ್ಟು ಜೋರು. ಆಗ ಮಗು ಏನು ಮಾಡುತ್ತಿದ್ದರೂ ನಿಲ್ಲಿಸುತ್ತದೆ. ಬಾಯಿಗೆ ಒಯ್ದ ತುತ್ತು ಅಲ್ಲೇ ಇರುತ್ತದೆ. ಬಸ್ಸು ಹೊರಟು ಹೋದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಣ್ಣುತ್ತದೆ. ನಿನ್ನ ಅತ್ತೆಯೂ ಅದನ್ನು ನೋಡುತ್ತಾಳೆ. ನೋಡಿ ಒಲೆಯ ಕಡೆ ತಿರುಗುತ್ತಾಳೆ.

ಇಷ್ಟೇ ನಾನು ಕಂಡದ್ದು.

ಪುಂಡಲೀಕ


ಕಾಜುಬಾಗ, ಕಾರವಾರ
೨೨ ಜನವರಿ ೨೦೦೭

ಅತ್ತೆಗೆ ನಮಸ್ಕಾರ.

ನಿನ್ನೆ ನೀವು ಬಸ್ಸು ಹತ್ತುವಾಗ ಹೇಳಲಾಗಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಓಟ ಶುರುವಾಗುವವರೆಗೆ ನೀವು ನೋಡಿದ್ದೀರಿ. ಎಣ್ಣೆ ಹಚ್ಚಿ ಬಾಚಿ, ಅಬ್ಬಲಿಗೆ ಮುಡಿಸಿ ಕರೆದುಕೊಂಡು ಬಂದಿದ್ದಿರಿ. ಪಟ್ಟಿ ಕಟ್ಟುವಾಗ ಅವಳು ಕೈ ಚಾಚಿದಳು, ಮುಖ ಮಾತ್ರ ನಿಮ್ಮ ಕಡೆ ಇತ್ತು. ನೀವು, "ಅಮ್ಮನ ಕೈ ಬಿಡಬ್ಯಾಡ, ಹಾಂ" ಅಂದಿರಿ. ನೀವು ಹಾಗೆ ಹೇಳುತ್ತೀರೆಂದು ನಾನು ಎಣಿಸಿರಲಿಲ್ಲ.

ತಿರುವು ದಾಟಿದ ಮೇಲಿನದು ನಿಮಗೆ ಕಾಣಲಿಲ್ಲ. ನಾನು ಓಡಿದೆ ಅತ್ತೆ. ಎಷ್ಟೋ ತಿಂಗಳ ಮೇಲೆ ಕಾಲು ನನ್ನದು ಅನಿಸಿತು. ದೊಡ್ಡ ದೊಡ್ಡ ಹುಡುಗರನ್ನು ಕಟ್ಟಿಕೊಂಡ ಅಪ್ಪಂದಿರು ನಮ್ಮ ಹಿಂದೆ ಉಳಿದರು. ಮೊದಲು ನಾವೇ ಬಂದರೆ ಅತ್ತೆ ನೋಡುತ್ತಾರೆ, ಇವಳು ಸುಧಾರಿಸಿದಳು ಎಂದು ತಿಳಿಯುತ್ತಾರೆ, ಮಗುವನ್ನು ಬಿಟ್ಟುಹೋಗುತ್ತಾರೆ. ಅದೊಂದೇ ತಲೆಯಲ್ಲಿ. ಪಟ್ಟಿ ಬಿಗಿಯುತ್ತಿತ್ತು, ಪಕ್ಕದಲ್ಲಿ ಶೂ ಎಳೆಯುವ ಸದ್ದು ಬರುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಆಗ ಅವಳು ಕೇಳಿದಳು. ಅತ್ತು ಕೇಳಿದ್ದಲ್ಲ, ಏದುಸಿರಿನಲ್ಲಿ, ಮೆಲ್ಲಗೆ, ನಿಮ್ಮ ಮನೆಯ ಮಾತಿನಲ್ಲಿ: "ಅಮ್ಮಾ, ಯಾರು ಬತ್ತವ್ರೆ? ಯಾರಿಗೆ ಹೆದರ್ಕಂಡಿ ಓಡ್ತ್ಯೆ ನೀನು?"

ನೋಡಿದರೆ ಅವಳು ಹಿಂದಕ್ಕೆ ತಿರುಗಿ ನೋಡುತ್ತಿದ್ದಾಳೆ. ನಮ್ಮನ್ನು ಅಟ್ಟಿಸಿಕೊಂಡು ಬರುವವರನ್ನು ನಿಜವಾಗಿಯೂ ಹುಡುಕುತ್ತಿದ್ದಾಳೆ.

ನಾನು ನಿಂತೆ. ಅವಳ ಮಣಿಕಟ್ಟು ಕೆಂಪಾಗಿತ್ತು. ಯಾರೂ ಬರುತ್ತಿಲ್ಲ ಮಗಾ ಎಂದೆ. ಮತ್ತೆ ಎಂತಕೆ ಅಂದಳು. ಉಳಿದ ದಾರಿಯನ್ನು ನಡೆದೆವು. ಹಿಂದಿನವರೆಲ್ಲ ದಾಟಿಹೋದರು. ಅವಳು ಬಾತುಕೋಳಿಗಳ ಸುದ್ದಿ ಹೇಳಿದಳು, ಅಂಗನವಾಡಿಯ ಹಾಡೊಂದನ್ನು ಹೇಳಿದಳು. ಹೇಳಿದಳೆಂದು ಗೊತ್ತು, ಏನು ಹೇಳಿದಳೆಂದು ನೆನಪಿಲ್ಲ. ಅಷ್ಟು ದಿನ ಕಾದದ್ದು ಅವಳ ಮಾತು ಕೇಳಲಿಕ್ಕೇ, ಕೇಳುವಾಗ ನಾನು ಅಲ್ಲಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಿಮಗಿಂತ ಮೊದಲು ಅವಳೇ ಹತ್ತಿದಳು. ಅಳಲಿಲ್ಲ. ಅತ್ತಿದ್ದರೆ ಕೈ ಹಿಡಿದು ಇಳಿಸಿಕೊಳ್ಳುತ್ತಿದ್ದೆನೋ ಏನೋ.

ಅದಕ್ಕೇ ಬರೆಯುತ್ತಿದ್ದೇನೆ. ಅವಳು ನಿಮ್ಮಲ್ಲೇ ಇರಲಿ. ಬರುವ ವರ್ಷಕ್ಕೂ ಅಂಗನವಾಡಿಗೆ ಅಲ್ಲೇ ಹೋಗಲಿ. ನನ್ನ ಹೆದರಿಕೆಯನ್ನು ಅವಳ ಕೈಗೆ ಕಟ್ಟುವುದು ಬೇಡ. ಇವರಿಗೂ ಹೇಳಿದ್ದೇನೆ. ಇವರು ಬಾಬುವನ್ನು ಎತ್ತಿಕೊಂಡು ಹೊರಗೆ ಹೋದರು.

ಶೂ ಎರಡೂ ಜೊತೆ ಅವಳ ಚೀಲದಲ್ಲಿವೆ.

ಯೋಗಿತಾ


ಹಟ್ಟಿಕೇರಿ
೨೭ ಜನವರಿ ೨೦೦೭

ಯೋಗಿತಾ,

ಆಶೀರ್ವಾದ ಬರೆಯಲೂ ಬಿಡುತ್ತಿಲ್ಲ, ನೇರ ವಿಷಯಕ್ಕೆ ಬನ್ನಿ ಎನ್ನುತ್ತಾಳೆ. ಇದು ಪೂರಾ ಅವಳದು.

"ನಿನ್ನ ಕಾಗದ ಓದ್ಸಿ ಕೇಳ್ದೆ. ಮಗಿನ್ನ ಇಟ್ಕಳಿ ಅಂತ ಬರ್ದೆಯಲ್ಲ, ನಂಗೆ ಬೇಕಾದದ್ದೂ ಅದೇ ಆಗಿತ್ತು ಅಂತ ನೀ ತಿಳ್ದಿದ್ರೆ ಅದು ಸುಳ್ಳಲ್ಲ. ಮನೇಲಿ ಮಗು ಇದ್ರೆ ಮನೆ ಬೇರೆ. ಆದ್ರೆ ಓಟದ ದಿನ ಊಟಕ್ಕೆ ಕೂತಾಗ ನಾ ನಿನ್ನನ್ನೇ ನೋಡ್ತಿದ್ದೆ. ನೀ ಮಾವಂಗೆ ನೀರು ಹೊಯ್ತಿದ್ದೆ. ಲೋಟ ತುಂಬಿ ನೆಲಕ್ಕೆ ಹರೀತಿತ್ತು, ನೀ ಹೊಯ್ತಾನೇ ಇದ್ದೆ. ನಾ ಕೈ ಹಿಡ್ದೆ. ಆಗ ನೀ ನನ್ನ ಮುಖ ನೋಡ್ದೆ, ಗುರ್ತು ಸಿಕ್ಕದವರ ಹಾಂಗೆ.

"ಬಾಣಂತನ ತವರಿನವರದು. ಸೊಸೆ ಬಂದು ಅತ್ತೆ ಮನೇಲಿ ಕಾಲು ಚಾಚಿ ಮಲಗೂದು ನಮ್ಮಲ್ಲಿ ಇಲ್ಲ. ನನ್ನ ಅತ್ತೆ ಇದ್ದಾಗ ನಾ ಹಗಲು ಬೆನ್ನು ನೆಲಕ್ಕೆ ಹಚ್ಚಿದ್ದಿಲ್ಲ. ನಿಂಗೆ ತವರಲ್ಲಿ ಅಮ್ಮ ಇಲ್ಲ, ಆಯ್ತು, ಕಾಮಿ ಬತ್ತದೆ, ನೀರು ಹಾಕ್ತದೆ, ಮುಗೀತು ಅಂದ್ಕಂಡ್ವಿ. ಕಷ್ಟ ಆತದೆ ಅಂದಾಗ ಮಗಿನ್ನ ಕರ್ಕಂಡಿ ಬಂದ್ವಿ. ನಿನ್ನ ಕರೀಬಹುದು ಅಂತ ನಂಗೂ ಹೊಳೀಲಿಲ್ಲ, ನಿನ್ನ ಮಾವಂಗೂ ಹೊಳೀಲಿಲ್ಲ, ನಿನ್ನ ಗಂಡಂಗಂತೂ ಏನೂ ಹೊಳ್ಯೂದಿಲ್ಲ. ತರಬೇಕಾದವಳನ್ನ ಬಿಟ್ಟು ಬೇರೆಯವಳನ್ನ ತಂದ್ವಿ.

"ಬುಧವಾರ ಬಾಬುನ್ನ ಎತ್ಕಂಡಿ ಬಾ. ಉದಯ ಹೋಟೆಲಲ್ಲಿ ಉಣ್ಲಿ, ಸಾಯೂದಿಲ್ಲ. ನಾ ನಿನ್ನ ಅಮ್ಮ ಅಲ್ಲ, ಆಗೂಕೂ ಬರೂದಿಲ್ಲ ನಂಗೆ. ಬೈತೆ. ಆದ್ರೆ ಚಾಪೆ ಅದೆ."

ಬರೆದು ಮುಗಿಸಿ ಓದಿ ಹೇಳಿದೆ. "ಬೈತೆ" ಅನ್ನುವುದನ್ನು ತೆಗೆಯಿರಿ ಎಂದಳು. ಆಮೇಲೆ ಇರಲಿ ಎಂದಳು.

ಪುಂಡಲೀಕ


ಹಟ್ಟಿಕೇರಿ
೮ ಫೆಬ್ರವರಿ ೨೦೦೭

ಚಿ. ಉದಯನಿಗೆ ಅಪ್ಪನ ಆಶೀರ್ವಾದಗಳು.

ಹೆಂಡತಿಯಿಂದ ಸುದ್ದಿ ಇಲ್ಲವೆಂದು ಬೊಮ್ಮಯ್ಯನ ಮನೆಗೆ ಫೋನು ಮಾಡಿದೆಯಂತೆ. ಅವಳು ಬರೆದಿಲ್ಲ, ಏಕೆಂದರೆ ಮಲಗಿದ್ದಾಳೆ. ಈಗ ಊಟದ ಹೊತ್ತು ದಾಟಿದೆ, ಇನ್ನೂ ಮಲಗಿದ್ದಾಳೆ.

ಬಂದ ಮೊದಮೊದಲು ಹೀಗಿರಲಿಲ್ಲ. ನಿನ್ನ ಆಯಿ ಮಲಗು ಎಂದರೆ ಹೂಂ ಎನ್ನುವುದು, ಆಯಿ ಒಲೆಯ ಕಡೆ ಹೋದ ಕೂಡಲೇ ಎದ್ದು ಬಂದು ಕಸಬರಿಗೆ ಹಿಡಿಯುವುದು. ಅತ್ತೆ ಕೆಲಸ ಮಾಡುವಾಗ ಸೊಸೆ ಮಲಗುವುದು ಹೇಗೆ ಎಂದು ಅವಳಿಗೆ. ಬೈದರೂ ಕೇಳಲಿಲ್ಲ. ಒಂದು ದಿನ ನಿನ್ನ ಆಯಿ ಅವಳ ತಲೆಗೆ ಎಣ್ಣೆ ಹಾಕಿ ಮೀಯಿಸಿದಳು. ಮೀಯಿಸಿ ನಡುಮನೆಯಲ್ಲಿ ಎರಡು ಚಾಪೆ ಹಾಸಿ, ಒಂದರಲ್ಲಿ ತಾನೇ ಬಿದ್ದುಕೊಂಡಳು, ಹೊರಗೆ ಅಷ್ಟು ಬಿಸಿಲು. "ನಾನೂ ಮಲಗ್ದೆ. ಈಗ ಎದ್ದು ಯಾರಿಗೆ ತೋರಸ್ತ್ಯೆ ತೋರ್ಸು" ಎಂದಳು. ನಿನ್ನ ಆಯಿ ಹಗಲು ಮಲಗಿದ್ದನ್ನು ನಾನು ಮದುವೆಯಾದಂದಿನಿಂದ ನೋಡಿದವನಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮೀನು ಬೆಕ್ಕಿನ ಪಾಲಾಗುತ್ತದೆಂದು ಒಳಗೊಳಗೇ ಕುದಿಯುತ್ತ ಬಿದ್ದಿದ್ದಳು. ನನಗೆ ಕೈಸನ್ನೆ ಮಾಡಿ ಬೆಕ್ಕನ್ನು ಓಡಿಸಲು ಹೇಳಿದಳು. ಅಷ್ಟರಲ್ಲಿ ಪಕ್ಕದ ಚಾಪೆಯಲ್ಲಿ ಉಸಿರು ಬದಲಾಯಿತು.

ಅಂದಿನಿಂದ ಹೀಗೇ ನಡೆದಿದೆ. ಬಾಬುವಿನ ಹಾಲಿಗೆ ಮಾತ್ರ ಎಬ್ಬಿಸುತ್ತೇವೆ, ಕಣ್ಣು ಮುಚ್ಚಿಕೊಂಡೇ ಕೊಡುತ್ತಾಳೆ. ನಿನ್ನೆ ಬೊಮ್ಮಯ್ಯನ ಹೆಂಡತಿ ಬಂದು ಇಣುಕಿ, "ಸೊಸಿಗೆ ಜ್ವರವೇನೆ ಗಂಗೂ?" ಎಂದು ಕೇಳಿದಳು. "ಜ್ವರ ಅಲ್ಲ, ನಿದ್ದೆ. ನೋಡ್ಕಂಡಿ ಹೋಗಿ ಊರಿಗೆಲ್ಲ ಹೇಳು" ಎಂದು ನಿನ್ನ ಆಯಿ ಬಾಗಿಲು ಮುಂದೆ ಮಾಡಿದಳು.

ಪ್ರೇಕ್ಷಾ ಮೊದಲ ದಿನಗಳಲ್ಲಿ ಹತ್ತಿರ ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತು ನೋಡುವುದು, ಹೋಗುವುದು. ಅಮ್ಮ ಎದ್ದಿದ್ದಾಗ ಮಾತಾಡುತ್ತದೆ, ಆದರೆ ಕೈಗೆ ಸಿಗುವಷ್ಟು ಹತ್ತಿರ ಅಲ್ಲ. ಇವತ್ತು ಅಂಗನವಾಡಿಯಿಂದ ಬಂದು ನನ್ನ ಚಾದರ ಎಳೆದುಕೊಂಡು ಹೋಯಿತು. ನೋಡಿದರೆ ಅಮ್ಮನ ಕಾಲ ಬುಡದಲ್ಲಿ ಮುದುಡಿ ಮಲಗಿದೆ, ಪಕ್ಕದಲ್ಲಿ ಅಲ್ಲ, ಕಾಲ ಬುಡದಲ್ಲಿ. ಒಂದು ಕೈ ಪಾದದ ಮೇಲಿದೆ. ಯೋಗಿತಾಳಿಗೆ ಗೊತ್ತಿಲ್ಲ. ನಾನು ಎಬ್ಬಿಸಿ ಹೇಳುವವನಲ್ಲ, ಅವಳೇ ಎದ್ದು ನೋಡಲಿ.

ಯಾರು ಯಾವಾಗ ಕಾರವಾರಕ್ಕೆ ಬರುತ್ತಾರೆ ಎಂದು ಈಗ ಕೇಳಬೇಡ. ನೀನು ರವಿವಾರ ಬಾ. ಬರುವವನು ಹಿತ್ತಿಲ ಕಡೆಯಿಂದ ಬಾ, ಮುಂಬಾಗಿಲು ಕಿರುಗುಟ್ಟುತ್ತದೆ.

ಇತಿ ನಿನ್ನ ಅಪ್ಪ,
ಪುಂಡಲೀಕ